ಕೆಂಪುಕಲ್ಲಿನ ಗೋಡೆಗೆ ಗಾರೆ ಎಷ್ಟು?

ನಮ್ಮ ಕಾಸರಗೋಡಿನ ಕಡೆ ಮನೆ ಕಟ್ಟಿಸಲು ಹೊರಟ ಗೃಹಸ್ಥನು ಮೊದಲು ಕೇಳುವುದು ಕಲ್ಲು ಎಷ್ಟು ಬೇಕೆಂದು. ಅದಕ್ಕೆ ಉತ್ತರ ಕೂಡಲೇ ದೊರೆಯುತ್ತದೆ. ಸಿಮೆಂಟು ಎಷ್ಟು, ಹೊಯಿಗೆ ಎಷ್ಟು ಎಂದು ಕೇಳಿದರೆ ಮಾತ್ರ, "ತರಿಸಿ ನೋಡುವ, ಸಾಲದಿದ್ದರೆ ಮತ್ತೆ ತರುವ" ಎಂಬ ಮಾತೇ ಹೆಚ್ಚಾಗಿ ಬರುತ್ತದೆ.

ನಾವು ಬಲ್ಲ ಒಂದು ಮನೆಯಲ್ಲಿ ಹೀಗೆಯೇ ತರಿಸಿ ನೋಡಿದರು. ಗೋಡೆ ಲಿಂಟಲ್ ಮಟ್ಟಕ್ಕೆ ಬರುವ ಮೊದಲೇ ಚೀಲಗಳು ಮುಗಿಯುತ್ತ ಬಂದವು. ಕೈಯಲ್ಲಿ ಹಣವಿಲ್ಲ, ಮಳೆಗಾಲ ಬಾಗಿಲಲ್ಲಿ ನಿಂತಿದೆ. ಉಳಿದ ಸಿಮೆಂಟಿಗೆ ಆರು ಪಾಲಿನ ಬದಲು ಒಂಬತ್ತು ಪಾಲು ಹೊಯಿಗೆ ಬೆರೆಸಿ ಮೇಲಿನ ವರಸೆಗಳನ್ನು ಮುಗಿಸಲಾಯಿತು. ಮಳೆ ಕಳೆದ ಮೇಲೆ ಆ ಸಂದುಗಳನ್ನು ಉಗುರಿನಿಂದ ಕೆರೆದರೆ ಗಾರೆ ಪುಡಿಯಾಗಿ ಉದುರುತ್ತಿತ್ತು. ಮಾಡು ನಿಂತಿರುವುದು ಆ ವರಸೆಗಳ ಮೇಲೆಯೇ.

ಗಾರೆಯ ಲೆಕ್ಕವು ನಿಂತಿರುವುದು ಕಲ್ಲುಗಳ ನಡುವಿನ ಸಂದಿನ ದಪ್ಪದ ಮೇಲೆ. ಕಲ್ಲಿನ ಅಳತೆ ಕೋರೆಯಿಂದ ಕೋರೆಗೆ ಬೇರೆಯಾಗುವುದರಿಂದ, ಉದಾಹರಣೆಗಾಗಿ 15 ಇಂಚು ಉದ್ದ, 9 ಇಂಚು ಅಗಲ, 7 ಇಂಚು ಎತ್ತರದ ಕಲ್ಲನ್ನು ತೆಗೆದುಕೊಳ್ಳೋಣ. ಗೋಡೆಯ ದಪ್ಪ 9 ಇಂಚು. ಬಾಗಿಲು, ಕಿಟಕಿಗಳನ್ನು ಕಳೆದು 100 ಚದರ ಅಡಿ ಗೋಡೆ ಎಂದರೆ ಒಟ್ಟು 75 ಘನ ಅಡಿ. ಸಂದು ಅರ್ಧ ಇಂಚು ಇದ್ದರೆ ಅದಕ್ಕೆ 124 ಕಲ್ಲುಗಳು ಹಿಡಿಯುತ್ತವೆ. ಕಲ್ಲುಗಳ ಘನ ಅಳತೆಯನ್ನು 75ರಿಂದ ಕಳೆದರೆ ಗಾರೆಗೆ ಉಳಿಯುವ ಜಾಗ ಸುಮಾರು 7¼ ಘನ ಅಡಿ. ಅದೇ ಸಂದು ಒಂದು ಇಂಚಾದರೆ 113 ಕಲ್ಲು ಸಾಕು. ಗಾರೆ ಮಾತ್ರ 13½ ಘನ ಅಡಿಗೆ ಏರುತ್ತದೆ.

ಇಲ್ಲಿಗೇ ಮುಗಿಯಲಿಲ್ಲ. ಮುರಕಲ್ಲಿನ ಮೈಯಲ್ಲಿ ತೂತುಗಳಿವೆ, ಅವು ಗಾರೆಯನ್ನು ನುಂಗುತ್ತವೆ. ಕೆಳಗೆ ಚೆಲ್ಲಿ ಹೋಗುವುದೂ ಉಂಟು. ಇವಕ್ಕೆ ನೂರಕ್ಕೆ 15ರಂತೆ ಸೇರಿಸುವುದು ಕ್ಷೇಮ. ಒಣ ಸಿಮೆಂಟು, ಹೊಯಿಗೆಗಳು ನೀರು ಬಿದ್ದೊಡನೆ ಕುಗ್ಗುವುದರಿಂದ, ಬಂದ ಮೊತ್ತದ ಮೂರನೆಯ ಒಂದು ಪಾಲನ್ನು ಮತ್ತೆ ಕೂಡಿಸಬೇಕು. ಒಂದಕ್ಕೆ ಆರರ ಬೆರಕೆಯಾದರೆ ಒಟ್ಟನ್ನು ಏಳರಿಂದ ಭಾಗಿಸಿದಾಗ ಸಿಮೆಂಟಿನ ಪಾಲು ಸಿಗುತ್ತದೆ. 50 ಕಿಲೋ ಚೀಲವನ್ನು ಒಂದೂಕಾಲು ಘನ ಅಡಿ ಎಂದು ಹಿಡಿದರೆ, ಅರ್ಧ ಇಂಚಿನ ಸಂದಿಗೆ ಒಂದೂಕಾಲು ಚೀಲಕ್ಕಿಂತ ತುಸು ಹೆಚ್ಚು, ಹೊಯಿಗೆ ಒಂಬತ್ತೂವರೆ ಘನ ಅಡಿ. ಒಂದು ಇಂಚಿನ ಸಂದಿಗೆ ಸುಮಾರು 2⅓ ಚೀಲ, ಹೊಯಿಗೆ ಹದಿನೇಳೂಮುಕ್ಕಾಲು ಘನ ಅಡಿ.

ಸಾಧಾರಣ ಮನೆಯೊಂದರಲ್ಲಿ 800 ಚದರ ಅಡಿ ಗೋಡೆ ಇದೆ ಎನ್ನೋಣ. ಒಂದು ಕಡೆ ಹತ್ತು ಚೀಲ, ಇನ್ನೊಂದು ಕಡೆ ಹತ್ತೊಂಬತ್ತು ಚೀಲ! ದಪ್ಪ ಸಂದಿನಿಂದ ಉಳಿಯುವುದು ಸುಮಾರು 90 ಕಲ್ಲು. ಹೆಚ್ಚಾಗಿ ಹೋಗುವುದು ಒಂಬತ್ತು ಚೀಲ ಸಿಮೆಂಟು ಮತ್ತು 65 ಘನ ಅಡಿ ಹೊಯಿಗೆ. ಸೊಟ್ಟ ಕಲ್ಲು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವವರು ಈ ಎರಡರ ಬೆಲೆಯನ್ನೂ ಒಮ್ಮೆ ಕೂಡಿ ನೋಡಬೇಕು.

1800ರಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟನು. ನೆಲದಲ್ಲಿದ್ದಾಗ ಸುಲಭವಾಗಿ ಕೊಯ್ಯಲು ಬರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂಬುದನ್ನೂ ಆತ ಗಮನಿಸಿದ್ದನು. ನಮ್ಮ ಬೇಕಲದ ಕೋಟೆ ಎದ್ದಿರುವುದು ಇದೇ ಕಲ್ಲಿನಿಂದ. ಮೃದುವಾಗಿರುವಾಗಲೇ ಮೂಲೆ ಸರಿಮಾಡಿಸಿದರೆ ಮುಂದೆ ಸಂದು ತೆಳುವಾಗುತ್ತದೆ. ಕಟ್ಟುವ ಮುನ್ನ ಕಲ್ಲಿಗೆ ನೀರು ಹಾಕಲು ಮರೆಯಬಾರದು. ಒಣಕಲ್ಲು ಗಾರೆಯ ನೀರನ್ನು ಹೀರಿ ಅದನ್ನು ನಿಸ್ಸತ್ವಗೊಳಿಸುತ್ತದೆ.

ಇನ್ನು ಹೊಯಿಗೆಯ ಮಾತು. 2001ರಲ್ಲಿ ಕೇರಳವು ನದೀತೀರಗಳ ರಕ್ಷಣೆಗೂ ಮರಳು ತೆಗೆಯುವುದರ ನಿಯಂತ್ರಣಕ್ಕೂ ಕಾಯಿದೆ ಮಾಡಿದ ಮೇಲೆ ಚಂದ್ರಗಿರಿ ಹೊಳೆಯ ಹೊಯಿಗೆ ಕೇಳಿದಾಗಲೆಲ್ಲ ಸಿಗುವ ವಸ್ತುವಾಗಿ ಉಳಿದಿಲ್ಲ. ಕಡಲು ಹತ್ತಿರವಿದೆಯೆಂದು ಅಲ್ಲಿಯದನ್ನು ತಂದರೆ ಉಪ್ಪು ಗೋಡೆಯನ್ನು ತಿನ್ನುತ್ತದೆ. ಹೊಳೆಯದಿರಲಿ, ಕಲ್ಲು ಪುಡಿಮಾಡಿದ್ದಿರಲಿ, ಒದ್ದೆಯಾದ ಹೊಯಿಗೆ ಉಬ್ಬಿ ಅಳತೆಯಲ್ಲಿ ಮೋಸಮಾಡುತ್ತದೆ. ಆರು ಬುಟ್ಟಿ ಹಾಕಿದೆವೆಂದುಕೊಂಡರೂ ನಿಜವಾಗಿ ಬಿದ್ದಿರುವುದು ಐದೇ ಇರಬಹುದು. ಆಗ ಗಾರೆ ಕಡಿಮೆಯಾಗಿ ಸಿಮೆಂಟು ಬೇಗ ತೀರುತ್ತದೆ. ನೆಟ್ಟಗಿನ ಪಾತ್ರೆಯಲ್ಲಿ ಒದ್ದೆ ಹೊಯಿಗೆಯನ್ನು ಹತ್ತು ಬೆರಳಿನಷ್ಟು ತುಂಬಿ, ಅದು ಮುಳುಗುವಂತೆ ನೀರು ಹೊಯ್ದು ಕಲಕಿ ಬಿಡಿ. ಎಂಟು ಬೆರಳಿಗೆ ಇಳಿದರೆ, ಎಂಟು ಬುಟ್ಟಿ ಬೇಕಾದಲ್ಲಿ ಹತ್ತು ಹಾಕಬೇಕೆಂದು ತಿಳಿಯಬೇಕು.

ಹಾಗೆಂದು ಭಯದಿಂದ ಸಿಮೆಂಟನ್ನು ಮೊದಲೇ ರಾಶಿ ಹಾಕುವುದೂ ತರವಲ್ಲ. ಮೂರು ತಿಂಗಳಲ್ಲಿ ಅದರ ಸತ್ವದ ಐದನೆಯ ಒಂದು ಪಾಲು ಹೋಗಬಹುದು. ನಮ್ಮ ಆಷಾಢದ ಥಂಡಿಯಲ್ಲಂತೂ ಚೀಲವೇ ಕಲ್ಲಾದೀತು. ಲೆಕ್ಕದ ಕಾಲುಭಾಗವನ್ನು ಮೊದಲು ತರಿಸಿ, ಮೂರು ವರಸೆ ಏರಿದಾಗ ಗೋಡೆ ಅಳೆದು, ಬರಿದಾದ ಚೀಲಗಳನ್ನು ಎಣಿಸಿದರೆ ನಿಮ್ಮ ಮೇಸ್ತ್ರಿಯ ಕೈಯ ಸಂದು ಎಷ್ಟು ದಪ್ಪವೆಂದು ತಿಳಿಯುತ್ತದೆ. ಮುಂದಿನದನ್ನು ಅದೇ ಪ್ರಮಾಣದಲ್ಲಿ ತರಿಸಬಹುದು. ಅಲ್ಲಿಯವರೆಗೆ ಬರಿ ಚೀಲಗಳನ್ನು ಯಾರೂ ಒಯ್ಯದಂತೆ ನೋಡಿಕೊಳ್ಳಬೇಕು, ಅಷ್ಟೆ.