ಎರಕದ ಅಂಕಿ, ಪಂಚಿನ ಅಂಕಿ: ಇಂಜಿನ್ನಿನ ಶಾಸನ ಓದುವ ಬಗೆ

ಗ್ರೀಸಿನ ಕೆಳಗೆ ಮೂರು ತಾರೀಕುಗಳಿವೆ. ಅವು ಸರದಿ ತಪ್ಪದೆ ಕೂತಿವೆಯೇ ಎಂದು ನೋಡಿದರೆ ಹಳೆಯ ಷೆವರ್ಲೆಯ ಅರ್ಧ ಜಾತಕ ತಿಳಿದಂತೆ.

ಹಳೆಯ ಕಾರು ಕೊಂಡು ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿಸಿಕೊಂಡವರಿಗೆ ಈ ಕೆಲಸ ಗೊತ್ತು. ಬಾನೆಟ್ ಎತ್ತಿ, ಜಿಡ್ಡು ಒರೆಸಿ, ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಬೇಕು. ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆ ಚೀಟಿಯನ್ನು ‘ಚಾಸಿ ಪ್ರಿಂಟ್’ ಅನ್ನುತ್ತಾರೆ. ಶಾಸನ ಓದುವವರು ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಹೋಲಿಕೆ ಅಲ್ಲಿಗೇ ಮುಗಿಯುವುದಿಲ್ಲ. ಗಂಗರ ಹೆಸರಿನಲ್ಲಿ ಸಿಕ್ಕಿದ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳು, ಅಂದರೆ ನಕಲಿ ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದ ಹೂಡಿದ್ದರು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಪಟದಲ್ಲಿ ಬರೆದಿದೆ ಎಂಬುದಷ್ಟೇ ಸಾಲದು, ಲಿಪಿಯ ಕಾಲಕ್ಕೂ ಹೇಳಿದ ಕಾಲಕ್ಕೂ ತಾಳೆ ಬೀಳಬೇಕು ಎಂಬುದು ಇಂಥ ವಾದಗಳ ಪಾಠ. ಹಳೆಯ ಇಂಜಿನ್ ಓದುವವರೂ ಇದನ್ನೇ ನೆಚ್ಚುತ್ತಾರೆ. ಒಂಟಿ ನಂಬರ್ ಏನನ್ನೂ ಸಾಬೀತು ಮಾಡದು. ನಂಬರುಗಳು ಒಂದನ್ನೊಂದು ಒಪ್ಪಬೇಕು.

ಹೊರಗೆ ಎಲ್ಲವೂ ಒಂದೇ ಮುಖ

ಈ ವಿದ್ಯೆ ಕಲಿಯಲು ಅಮೆರಿಕದ ಷೆವರ್ಲೆ ‘ಸ್ಮಾಲ್ ಬ್ಲಾಕ್’ ವಿ-8ಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಎಡ್ ಕೋಲ್ ಮುಖ್ಯ ಇಂಜಿನಿಯರ್ ಆಗಿದ್ದಾಗ ರೂಪುಗೊಂಡ ಈ ಇಂಜಿನ್ 1955ರ ಮಾಡೆಲ್‌ಗಳಲ್ಲಿ ಬಂತು. ಆಗ ಅದರ ಗಾತ್ರ 265 ಘನ ಇಂಚು. 1957ಕ್ಕೆ 283, 1962ಕ್ಕೆ 327, 1967ಕ್ಕೆ 302 ಮತ್ತು 350, 1970ಕ್ಕೆ 400 ಎಂದು ಸಂಸಾರ ಬೆಳೆಯಿತು. 2011ರಲ್ಲಿ ಜನರಲ್ ಮೋಟಾರ್ಸ್ ಹತ್ತು ಕೋಟಿಯನೇ ಸ್ಮಾಲ್ ಬ್ಲಾಕ್ ತಯಾರಿಸಿತು.

ಗಾತ್ರ ಬದಲಾದರೂ ಹೊರಗಿನ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. 302, 327, 350 ಮೂರಕ್ಕೂ ಬೋರ್, ಅಂದರೆ ಸಿಲಿಂಡರಿನ ಅಗಲ, 4 ಇಂಚು. ವ್ಯತ್ಯಾಸವಿರುವುದು ಒಳಗಿನ ಕ್ರ್ಯಾಂಕ್ ಶಾಫ್ಟಿನಲ್ಲಿ: ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟ, ಕ್ರಮವಾಗಿ 3.00, 3.25, 3.48 ಇಂಚು. ಪಕ್ಕಪಕ್ಕ ಇಟ್ಟರೆ ಅನುಭವಿ ಮೆಕ್ಯಾನಿಕ್ಕಿಗೂ ಹೊರಗಿನಿಂದ ಹೇಳುವುದು ಕಷ್ಟ. ಬೆಲೆಯಲ್ಲಿ ಮಾತ್ರ ಅಜಗಜಾಂತರ. 302 ಇಂಜಿನ್ ಹುಟ್ಟಿದ್ದೇ ಟ್ರಾನ್ಸ್-ಆ್ಯಮ್ ರೇಸಿನ 5 ಲೀಟರ್ ಮಿತಿಯೊಳಗೆ ನಿಲ್ಲಲು. ಅದನ್ನು ಹೊತ್ತ ಷೆವರ್ಲೆ ಕಾರು ಕಮಾರೊ ಝಡ್/28 ಮೊದಲ ವರ್ಷ, 1967ರಲ್ಲಿ, ತಯಾರಾದದ್ದು 602 ಮಾತ್ರ. 1969ರಲ್ಲಿ 20,302. ಇದೇ ಕಾಲದ 350 ಇಂಜಿನ್‌ಗಳಿಗೆ ಅಂಥ ಬರವಿಲ್ಲ. ಆಸೆ ಹುಟ್ಟುವುದು ಇಲ್ಲೇ.

ಕುಲ ಹೇಳುವ ಎರಕದ ಅಂಕಿ

ಮೊದಲು ಎಡ ಬಲ ಸರಿ ಮಾಡಿಕೊಳ್ಳೋಣ. ಕಾರಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವರ ಎಡ ಬಲವೇ ಇಂಜಿನ್ನಿನದೂ. ಅಮೆರಿಕದಲ್ಲಿ ಚಾಲಕರು ಕೂರುವುದು ಎಡಕ್ಕೆ.

ಬ್ಲಾಕಿನ ಹಿಂಬದಿ, ಗೇರ್ ಬಾಕ್ಸಿನ ಬೆಲ್ ಹೌಸಿಂಗ್ ಕೂರುವ ಅಂಚಿನ ಎಡಭಾಗದಲ್ಲಿ ಏಳು ಅಂಕಿಗಳು ಉಬ್ಬಿ ನಿಂತಿರುತ್ತವೆ. ಕರಗಿದ ಕಬ್ಬಿಣ ಸುರಿಯುವ ಅಚ್ಚಿನಲ್ಲೇ ಇದ್ದದ್ದರಿಂದ ಈ ಅಂಕಿಗಳು ಬ್ಲಾಕಿನ ಜೊತೆಗೇ ಹುಟ್ಟಿವೆ. ಅಳಿಸುವುದು ಕಷ್ಟ, ಹೊಸದಾಗಿ ಉಬ್ಬಿಸುವುದು ಇನ್ನೂ ಕಷ್ಟ. ಹಾಗಾಗಿ ನಂಬಿಕೆಯ ಸಾಕ್ಷಿ.

ಆದರೆ ಈ ಸಾಕ್ಷಿಗೆ ಗೊತ್ತಿರುವುದು ಕಡಿಮೆ. ಎರಕದ ನಂಬರ್ ಹೇಳುವುದು ಕುಲವನ್ನು, ವ್ಯಕ್ತಿಯನ್ನಲ್ಲ. ಪ್ರಸಿದ್ಧವಾದ 3970010 ನಂಬರನ್ನೇ ನೋಡಿ. 1969ರ 302, 327, 350 ಮೂರಕ್ಕೂ ಈ ಬ್ಲಾಕ್ ಬಳಕೆಯಾಯಿತು. 350ರ ರೂಪದಲ್ಲಿ 1970ರ ದಶಕದುದ್ದಕ್ಕೂ ಮುಂದುವರಿಯಿತು. ಕ್ರ್ಯಾಂಕ್ ಹಿಡಿಯುವ ಮೇನ್ ಕ್ಯಾಪ್‌ಗಳಿಗೆ ಎರಡು ಬೋಲ್ಟೋ ನಾಲ್ಕು ಬೋಲ್ಟೋ ಎಂಬುದನ್ನೂ ಈ ನಂಬರ್ ಹೇಳದು. ಆಯಿಲ್ ಸಂಪ್ ಇಳಿಸಿಯೇ ನೋಡಬೇಕು.

ಅದೇ ಹಿಂಬದಿಯ ಅಂಚಿನಲ್ಲಿ, ಬಹುತೇಕ ಬ್ಲಾಕ್‌ಗಳಲ್ಲಿ ಬಲಗಡೆ, ಎರಕದ ತಾರೀಕು ಇರುತ್ತದೆ. ಇಂಗ್ಲಿಷಿನ ‘ಎ’ಯಿಂದ ‘ಎಲ್’ವರೆಗಿನ ಹನ್ನೆರಡು ಅಕ್ಷರಗಳು ಹನ್ನೆರಡು ತಿಂಗಳು. ನಂತರ ದಿನ. ಕೊನೆಗೆ ವರ್ಷದ ಕೊನೆಯ ಅಂಕಿ. ‘ಇ-14-9’ ಎಂದಿದ್ದರೆ ಮೇ 14, ಒಂಬತ್ತರಲ್ಲಿ ಕೊನೆಯಾಗುವ ವರ್ಷ. ಅದು 1969 ಆಗಬಹುದು, 1979 ಕೂಡ ಆಗಬಹುದು. 3970010 ಎರಡೂ ಕಾಲಕ್ಕೆ ಹೊಂದುವುದರಿಂದ ಎರಕದ ಅಂಕಿಗಳಷ್ಟರಿಂದಲೇ ತೀರ್ಪು ಸಿಗದು.

ವ್ಯಕ್ತಿ ಹೇಳುವ ಪಂಚ್ ನಂಬರ್

ಈಗ ಮುಂಬದಿಗೆ ಬನ್ನಿ. ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಬೆರಳಗಲದ ನುಣುಪಾದ ಜಾಗವೊಂದಿದೆ. ಕಾರ್ಖಾನೆಯಲ್ಲಿ ಇಂಜಿನ್ ಜೋಡಣೆ ಮುಗಿದ ಮೇಲೆ ಇಲ್ಲಿ ಅಂಕಿ, ಅಕ್ಷರಗಳನ್ನು ಪಂಚ್ ಮಾಡುತ್ತಿದ್ದರು. ಉದಾಹರಣೆಗೆ ‘ವಿ0522ಡಿಝಡ್’ ಎಂದಿದೆ ಎಂದುಕೊಳ್ಳಿ. ‘ವಿ’ ಅಂದರೆ ಮಿಷಿಗನ್ನಿನ ಫ್ಲಿಂಟ್ ಕಾರ್ಖಾನೆ. ನ್ಯೂಯಾರ್ಕ್ ರಾಜ್ಯದ ಟೋನವಾಂಡ ಆಗಿದ್ದರೆ ‘ಟಿ’. 0522 ಅಂದರೆ ಮೇ 22. ಕೊನೆಯ ‘ಡಿಝಡ್’ 1969ರ 302 ಇಂಜಿನ್ನಿನ ಗುರುತು. 1970ರಿಂದ ಈ ಕೊನೆಯ ಗುರುತಿಗೆ ಮೂರು ಅಕ್ಷರ ಬಂತು. ಎರಡಕ್ಷರ ಕಂಡರೆ 1979ರ ಅನುಮಾನ ಅಲ್ಲಿಗೆ ತೀರಿತು.

1968ರಿಂದ ಇನ್ನೊಂದು ಸಾಲೂ ಸೇರಿತು: ಕಾರಿನ ಸ್ವಂತ ನಂಬರಿನ ಸಂಕ್ಷಿಪ್ತ ರೂಪ. ‘19ಎನ್’ ಎಂದು ಶುರುವಾಗಿ ಆರು ಅಂಕಿಗಳಿದ್ದರೆ, 1 ಅಂದರೆ ಷೆವರ್ಲೆ, 9 ಅಂದರೆ 1969ರ ಮಾಡೆಲ್, ‘ಎನ್’ ಅಂದರೆ ಒಹಾಯೊದ ನಾರ್‌ವುಡ್ ಕಾರ್ಖಾನೆ, ಉಳಿದದ್ದು ಕಾರಿನ ಕ್ರಮಸಂಖ್ಯೆ. ಕಮಾರೊದಲ್ಲಿ ಇದು ಅದೇ ನುಣುಪು ಜಾಗದಲ್ಲಿ ಅಥವಾ ಆಯಿಲ್ ಫಿಲ್ಟರಿನ ಹತ್ತಿರ ಸಿಗುತ್ತದೆ. ಡ್ಯಾಶ್ ಬೋರ್ಡ್ ಮೇಲಿನ ನಂಬರಿಗೆ ಇದು ಹೊಂದಿದರೆ ಕಾರಿಗೂ ಇಂಜಿನ್ನಿಗೂ ಹುಟ್ಟಿನ ನಂಟು. ‘ಮ್ಯಾಚಿಂಗ್ ನಂಬರ್ಸ್’ ಎಂದು ಕಾರು ಮಾರುವವರು ಹೇಳುವುದು ಇದನ್ನೇ.

ಮೂರು ತಾರೀಕುಗಳ ಸರದಿ

ಈಗ ತಾಳೆ ನೋಡುವ ಕೆಲಸ. ಮೇ 14ಕ್ಕೆ ಎರಕ, ಮೇ 22ಕ್ಕೆ ಜೋಡಣೆ. ಬಾನೆಟ್ ಒಳಗೆ ಫೈರ್‌ವಾಲ್ ಮೇಲಿನ ತಗಡಿನಲ್ಲಿ ‘06ಎ’ ಎಂದಿದ್ದರೆ ಬಾಡಿ ತಯಾರಾದದ್ದು ಜೂನ್ ಮೊದಲ ವಾರ. ಮೊದಲು ಬ್ಲಾಕ್, ಆಮೇಲೆ ಇಂಜಿನ್, ಕೊನೆಗೆ ಕಾರು: ಸರದಿ ಸರಿಯಿದೆ. ಬದಲಿಗೆ ಜೋಡಣೆ ಮೇ 22ಕ್ಕೆ, ಎರಕ ಜುಲೈಯಲ್ಲಿ ಎಂದು ಬಂದರೆ ಮಗು ಹುಟ್ಟುವ ಮೊದಲೇ ನಾಮಕರಣ ಆದಂತೆ!

ಇಲ್ಲೊಂದು ಗುಂಡಿಯಿದೆ, ಹೊಸಬರು ಬೀಳುತ್ತಾರೆ. ಎರಕದ ತಾರೀಕಿನಲ್ಲಿರುವುದು ಕ್ಯಾಲೆಂಡರ್ ವರ್ಷ. ಕಾರಿನ ನಂಬರಿನಲ್ಲಿರುವುದು ಮಾಡೆಲ್ ವರ್ಷ. 1968ರ ಅಕ್ಟೋಬರಿನಲ್ಲಿ ಎರಕವಾದ ಬ್ಲಾಕ್ 1969ರ ಮಾಡೆಲ್ ಕಾರಿಗೆ ಹೋಗುವುದು ಸಹಜ. ಎಂಟು, ಒಂಬತ್ತು ಜಗಳವಾಡಿದಂತೆ ಕಂಡರೂ ಎರಡೂ ನಿಜ.

ಕೂಟಶಾಸನ ಹಿಡಿಯುವುದು

ಪಂಚ್ ನಂಬರಿನ ಬಲಹೀನತೆಯೆಂದರೆ, ಸುತ್ತಿಗೆ ಮತ್ತು ಅಕ್ಷರದ ಪಂಚ್ ಇದ್ದವರು ಯಾರು ಬೇಕಾದರೂ ಹೊಡೆಯಬಹುದು. ಸಾಮಾನ್ಯ 350ರ 3970010 ಬ್ಲಾಕಿನಲ್ಲಿ ಹಳೆಯ ಗುರುತು ಉಜ್ಜಿ ‘ಡಿಝಡ್’ ಹೊಡೆದರೆ ಕಾಗದದ ಮೇಲೆ 302 ಸಿದ್ಧ.

ಆಗ ಅಂಕಿ ಬಿಟ್ಟು ನೆಲ ನೋಡಬೇಕು. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಎಂಬ ಹಲ್ಲಿನ ಹತಾರದಿಂದ ಹೆರೆಯುತ್ತಿದ್ದರು. ಅದರ ಗುರುತಾಗಿ ಮುಂದಿನಿಂದ ಹಿಂದಕ್ಕೆ ಕೂದಲೆಳೆಯ ನೇರ ಗೆರೆಗಳು ಉಳಿದಿರುತ್ತವೆ. ಆ ಗೆರೆಗಳ ಮೇಲೆ ಅಂಕಿಗಳು ಕೂತಿದ್ದರೆ ಒಳ್ಳೆಯ ಲಕ್ಷಣ. ಗೆರೆಗಳೇ ಇಲ್ಲದೆ ಕನ್ನಡಿಯಂತೆ ನುಣುಪಾಗಿದ್ದರೆ, ಅಥವಾ ಬಾಗಿದ ಗೀರುಗಳಿದ್ದರೆ, ಆ ಜಾಗವನ್ನು ಯಾರೋ ಮತ್ತೆ ಹೆರೆದಿದ್ದಾರೆ. ಅದು ಮೋಸವೇ ಆಗಬೇಕಿಲ್ಲ: ಹೆಡ್ ಕೂರುವ ಮೇಲ್ಮೈಯೂ ಈ ಜಾಗವೂ ಒಂದೇ ಮಟ್ಟದಲ್ಲಿರುವುದರಿಂದ, ಬ್ಲಾಕನ್ನು ಫೇಸಿಂಗ್‌ಗೆ, ಅಂದರೆ ಮೇಲ್ಮೈ ಹೆರೆಯಲು, ಕೊಟ್ಟಾಗ ನಂಬರೂ ಹಾರಿಹೋಗುತ್ತದೆ. ಹಾಗೆಯೇ ‘ಸಿಇ’ ಎಂಬ ಗುರುತು ಕಂಡರೆ ಅದು ವಾರಂಟಿಯಲ್ಲಿ ಕಂಪನಿಯೇ ಬದಲಿಸಿಕೊಟ್ಟ ಬ್ಲಾಕ್. ನಂಬರ್ ಹೊಂದದಿದ್ದರೂ ಕಳ್ಳಮಾಲಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಹೆಡ್ ಬಿಚ್ಚಿ ಪಿಸ್ಟನ್ ಎಷ್ಟು ಇಳಿಯುತ್ತದೆ ಎಂದು ಅಳೆಯುವುದೇ ದಾರಿ. 76.2 ಮಿ.ಮೀ. ಇಳಿದರೆ 302ರ ಕ್ರ್ಯಾಂಕ್, 88.4 ಮಿ.ಮೀ. ಇಳಿದರೆ 350ರದು. 1969ರ 302ಕ್ಕೆ ನಾಲ್ಕು ಬೋಲ್ಟಿನ ಮೇನ್ ಕ್ಯಾಪ್ ಇರಲೇಬೇಕು. ಕ್ರ್ಯಾಂಕನ್ನೂ ಬದಲಿಸಿರಬಹುದು, ನಿಜ. ಆದರೆ ಸುಳ್ಳು ಹೇಳಬೇಕಾದ ಜಾಗಗಳು ಹೆಚ್ಚಿದಷ್ಟೂ ಎಲ್ಲೋ ಒಂದು ಕಡೆ ಬಾಯಿ ತಪ್ಪುತ್ತದೆ.

ನಮ್ಮ ಶೆಡ್ಡಿನ ಕಾರಿಗೂ

ಷೆವರ್ಲೆ ನಮಗೆ ದೂರದ ನೆಂಟನೇನೂ ಅಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸತೊಡಗಿತ್ತು. ಗುರುತಿನ ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬೇರೆ; ಕುಲ, ವ್ಯಕ್ತಿ, ತಾರೀಕುಗಳ ತಾಳೆ ಎಂಬ ಸೂತ್ರ ಯಾವ ಹಳೆಯ ಇಂಜಿನ್ನಿಗೂ ನಡೆಯುತ್ತದೆ. ಕಾನೂನಿಗೂ ಇದು ಬೇಕು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ವಿಂಟೇಜ್ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಇಷ್ಟೇ: ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರದೆ ವಾಹನ ಮೂಲ ರೂಪದಲ್ಲಿರಬೇಕು.

ಆದ್ದರಿಂದ ತಾತನ ಕಾರು ಶೆಡ್ಡಿನಲ್ಲಿದ್ದರೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಸೀಮೆಎಣ್ಣೆ ಅದ್ದಿದ ಬಟ್ಟೆ, ಮೆತ್ತನೆಯ ಬ್ರಷ್, ಟಾರ್ಚ್ ಸಾಕು. ಪಂಚ್ ನಂಬರಿನ ಜಾಗಕ್ಕೆ ಉಪ್ಪುಕಾಗದವಾಗಲಿ ತಂತಿ ಬ್ರಷ್ಷಾಗಲಿ ಮುಟ್ಟಿಸಬೇಡಿ. ಅಂಕಿ ಮಸುಕಾಗಿದ್ದರೆ ಸೀಮೆಸುಣ್ಣ ಸವರಿ, ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಬ್ಲಾಕನ್ನು ಲೇತ್ ಅಂಗಡಿಗೆ ಕಳಿಸುವ ಮುಂಚೆ ಈ ಕೆಲಸ ಮುಗಿದಿರಲಿ. ಒಮ್ಮೆ ಹೆರೆದ ಅಂಕಿ ಮತ್ತೆ ಮೂಡುವುದಿಲ್ಲ.