ಎದೆನೋವಿನ ಆರು ತಾಸು

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂರುತ್ತ ಹೋಗಿ ದಾರಿ ಕಿರಿದಾಗುವುದೇ ಪರಿಧಮನಿ ಕಾಯಿಲೆ. ಆ ಕೊಬ್ಬಿನ ಪದರ ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ ಹೃದಯಾಘಾತ. ಈ ಕಾಯಿಲೆಯ ಬಗ್ಗೆ ವೈದ್ಯರಿಗೆ ಇಂದು ಗೊತ್ತಿರುವ ಎಷ್ಟೋ ಸಂಗತಿಗಳು ರೋಗಿಗಳ ದಾಖಲೆಯನ್ನು ತಾಳ್ಮೆಯಿಂದ ಬರೆದಿಟ್ಟಿದ್ದರಿಂದ ಸಿಕ್ಕವು. ಯಾರು ಬಂದರು, ನೋವು ಶುರುವಾಗಿ ಎಷ್ಟು ಹೊತ್ತಿಗೆ ಬಂದರು, ಯಾವ ಔಷಧಿ ಕೊಟ್ಟರು, ತಿಂಗಳ ಮೇಲೆ ಹೇಗಿದ್ದಾರೆ ಎಂದು ಬರೆದುಕೊಳ್ಳುವುದಷ್ಟೇ ಇಲ್ಲಿ ಸಂಶೋಧಕರ ಕೆಲಸ. ಚಿಕಿತ್ಸೆಯಲ್ಲಿ ಅವರು ಕೈ ಹಾಕುವುದಿಲ್ಲ. ಇದಕ್ಕೆ ವೀಕ್ಷಣಾ ಅಧ್ಯಯನ ಎನ್ನುತ್ತಾರೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ 5,209 ಜನರೊಂದಿಗೆ ಆರಂಭವಾದ ಇಂಥದೊಂದು ಅಧ್ಯಯನವೇ ಬಿಪಿ, ಕೊಲೆಸ್ಟರಾಲ್, ಸಿಗರೇಟುಗಳಿಗೂ ಹೃದಯಾಘಾತಕ್ಕೂ ಇರುವ ನಂಟನ್ನು ಗಟ್ಟಿಮಾಡಿತು.

ಕರ್ನಾಟಕದವರು ಮುಂದಾಳಾಗಿ ಮಾಡಿದ ದೊಡ್ಡ ಕೆಲಸ ‘ಕ್ರಿಯೇಟ್’. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಝೇವಿಯರ್, ಪ್ರೇಮ್ ಪಯಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಎದ್ದು ಕಾಣುವ ಅಂಕಿ 360 ನಿಮಿಷ. ನೋವು ಕಾಣಿಸಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ ಅರ್ಧದಷ್ಟು ರೋಗಿಗಳಿಗೆ ಆರು ತಾಸು ಕಳೆದೇ ಹೋಗಿತ್ತು. ಆಸ್ಪತ್ರೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಹಿಡಿದದ್ದು 50 ನಿಮಿಷ ಮಾತ್ರ!

ಬೆಳಗಾವಿ ಜಿಲ್ಲೆಯ ಪೂರ್ವದ ತಾಲೂಕುಗಳಲ್ಲಿ ಆ ಆರು ತಾಸು ಹೇಗೆ ಜಾರುತ್ತದೆಂದು ಊಹಿಸುವುದು ಕಷ್ಟವಲ್ಲ. ಸವದತ್ತಿಯ ಹೊಲದಲ್ಲಿ ಎದೆ ಬಿಗಿದವನು “ವಾಯು ಆಗೈತಿ” ಎಂದು ಸೋಡಾ ಕುಡಿದು ಮಲಗುತ್ತಾನೆ. ಬೆವರು ನಿಲ್ಲದಿದ್ದಾಗ ಮನೆಯವರು ಬೆಳಗಾವಿಯ ಆಸ್ಪತ್ರೆಗೆ ಒಯ್ಯಲು ಗಾಡಿ ಹುಡುಕುತ್ತಾರೆ. ಕಿತ್ತೂರು ಬೆಳಗಾವಿ–ಧಾರವಾಡ ಹೆದ್ದಾರಿಯ ಮೇಲೇ ಇದೆ, ಬೈಲಹೊಂಗಲದವರಿಗೂ ಬೆಳಗಾವಿ ತೀರಾ ದೂರವಲ್ಲ. ರಾಮದುರ್ಗದವರಿಗೆ ಮಾತ್ರ ಅದು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹಾಗೆ ನೋಡಿದರೆ ರಸ್ತೆಗಿಂತ ಹೆಚ್ಚು ಹೊತ್ತನ್ನು ‘ವಾಯು’ವೇ ತಿನ್ನುತ್ತದೆ.

‘ಕ್ರಿಯೇಟ್’ ತೋರಿಸಿದ ಇನ್ನೊಂದು ಸಂಗತಿ ಇನ್ನೂ ಕಹಿ. ಬಡವರಲ್ಲಿ ತಿಂಗಳೊಳಗೆ ತೀರಿಕೊಂಡವರು ಶೇ. 8.2, ಶ್ರೀಮಂತರಲ್ಲಿ ಶೇ. 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದಾಗ ಈ ಅಂತರ ಅಳಿಸಿಹೋಯಿತು. ಎಂದರೆ, ಬಡವರ ಸಾವನ್ನು ಹೆಚ್ಚಿಸಿದ್ದು ಅವರಿಗೆ ಸಿಗದೆ ಹೋದ ಚಿಕಿತ್ಸೆ ಇರಬಹುದು ಎಂದು ಓದಿಕೊಳ್ಳಬಹುದು.

ರೋಗ ಪತ್ತೆಗೆ ಮೊದಲ ಹೆಜ್ಜೆ ಇಸಿಜಿ. ಶುರುವಿನಲ್ಲಿ ಅದು ಸರಿಯಾಗಿಯೇ ಕಾಣಬಹುದು. ಟ್ರೋಪೊನಿನ್ ರಕ್ತಪರೀಕ್ಷೆಯಲ್ಲಿ ಏರಿಕೆ ಕಾಣಲೂ ಕೆಲ ತಾಸು ಬೇಕಾಗಬಹುದು. ಹಾಗಾಗಿ ನೋವು ಮುಂದುವರಿದರೆ ಎರಡನ್ನೂ ಮತ್ತೆ ಮಾಡುತ್ತಾರೆ. ನಾಳ ಪೂರ್ತಿ ಮುಚ್ಚಿದೆ ಎಂದು ಇಸಿಜಿ ಹೇಳಿದರೆ ಕೂಡಲೇ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ, ಅದು ಹೊತ್ತಿಗೆ ಸಿಗದ ಕಡೆ ಹೆಪ್ಪು ಕರಗಿಸುವ ಇಂಜೆಕ್ಷನ್. ಈ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಹನ್ನೆರಡು ತಾಸಿನೊಳಗೆ ಕೊಡುತ್ತಾರೆ. ಮೊದಲ ತಾಸುಗಳಲ್ಲೇ ಅದರ ಫಲ ಹೆಚ್ಚು. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ತರ್ಕವೂ ಇದೇ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು.

ವೀಕ್ಷಣಾ ಅಧ್ಯಯನಕ್ಕೆ ಮಿತಿಗಳಿವೆ. ನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕಿದರು ಎಂದು ದಾಖಲೆ ಹೇಳಿದರೆ, ಅದು ಸ್ಟೆಂಟಿನ ಗುಣವೋ, ಗಟ್ಟಿಮುಟ್ಟಾದವರನ್ನೇ ಆರಿಸಿ ಸ್ಟೆಂಟ್ ಹಾಕಿದ್ದರ ಫಲವೋ ಎಂಬ ಅನುಮಾನ ಉಳಿಯುತ್ತದೆ. ಅದನ್ನು ತೀರಿಸಲು ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪು ಮಾಡುವ ಪ್ರಯೋಗವೇ ಬೇಕು. ಮನೆಯಲ್ಲೋ ದಾರಿಯಲ್ಲೋ ಪ್ರಾಣ ಬಿಟ್ಟವರಂತೂ ಆಸ್ಪತ್ರೆಯ ದಾಖಲೆಗೆ ಬರುವುದೇ ಇಲ್ಲ. ಹಳ್ಳಿಗಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಎದೆ ಬಿಗಿದು ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ನೋವು ಶುರುವಾದ ಹೊತ್ತನ್ನು ವೈದ್ಯರಿಗೆ ಸರಿಯಾಗಿ ಹೇಳಿ. ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ತೀರ್ಮಾನವಾಗುತ್ತದೆ.