ಪರದೆ ನೀಲಿಯಾದಾಗ ಗಾಬರಿ ಬೇಡ

ಮಗಳು ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದಾಳೆ. ನೀವು ಒಲೆಯ ಮುಂದೆ ಇದ್ದೀರಿ. ಒಮ್ಮೆಲೇ "ಅಮ್ಮೀ!" ಎಂಬ ಕೂಗು. ಓಡಿ ಬಂದು ನೋಡಿದರೆ ಪರದೆಯೆಲ್ಲ ನೀಲಿ, ಅದರ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ತಾನಾಗಿಯೇ ಆರಿ ಮತ್ತೆ ಶುರುವಾಗುತ್ತದೆ. ಮಗಳ ಕಣ್ಣಲ್ಲಿ ನೀರು. "ಇವನೇ ಏನೋ ಒತ್ತಿ ಕೆಡಿಸಿದ" ಎಂದು ತಮ್ಮನ ಮೇಲೆ ದೂರು.

ಮೊದಲು ಆ ಹುಡುಗನನ್ನು ಬಿಟ್ಟುಬಿಡಿ ಸೋದರಿಯರೇ. ಯಾವುದೋ ಕೀ ಒತ್ತಿದ್ದಕ್ಕೆ ನೀಲಿ ಪರದೆ ಬರುವುದು ಬಲು ಅಪರೂಪ. ತನ್ನಿಂದ ಸರಿಪಡಿಸಲಾಗದ ತಪ್ಪೊಂದು ಎದುರಾದಾಗ, ಮುಂದುವರಿದರೆ ಒಳಗಿನ ಮಾಹಿತಿ ಕೆಟ್ಟೀತೆಂದು ವಿಂಡೋಸ್ ತಾನೇ ಕೆಲಸ ನಿಲ್ಲಿಸುತ್ತದೆ. ಅದರ ಸೂಚನೆಯೇ ಈ ಪರದೆ. ವಿಂಡೋಸ್ 11ರಲ್ಲಿ 2025ರಿಂದ ಅದರ ಬಣ್ಣ ಕಪ್ಪಾಗಿದೆ, ಅರ್ಥ ಮಾತ್ರ ಅದೇ. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಸಾವಿರಾರು ಜನರ ಮುಂದೆ ವಿಂಡೋಸ್ 98 ತೋರಿಸುತ್ತಿದ್ದಾಗಲೂ ಸ್ಕ್ಯಾನರ್ ಜೋಡಿಸಿದ ಕೂಡಲೇ ಇದೇ ನೀಲಿ ಪರದೆ ಬಂದಿತ್ತು. ತಯಾರಿಸಿದವರನ್ನೇ ಬಿಡಲಿಲ್ಲ, ನಮ್ಮನ್ನು ಬಿಡುವುದೆಲ್ಲಿ!

2024ರ ಜುಲೈ 19, ಜುಮಾ ದಿನ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆಗೆ ಸಿಕ್ಕಿ ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಸರದಿಯಲ್ಲಿ ಕಾದರು. ದೇಶದ ಹಲವೆಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು. ಅದಕ್ಕೆ ಮಾಡಿದ ಪರಿಹಾರವೇನು ಗೊತ್ತೇ? ಕಂಪ್ಯೂಟರನ್ನು 'ಸೇಫ್ ಮೋಡ್'ನಲ್ಲಿ ತೆರೆದು ಆ ತಪ್ಪು ಕಡತವನ್ನು ಅಳಿಸುವುದು. ನಿಮ್ಮ ಮನೆಯಲ್ಲೂ ಮಾಡಬಹುದಾದ ಕೆಲಸ ಅದು.

ಪರದೆ ಬಂದೊಡನೆ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಕೆಳಗೆ 'ಸ್ಟಾಪ್ ಕೋಡ್' ಎಂದು ಒಂದು ಹೆಸರಿರುತ್ತದೆ. 'ಮೆಮೊರಿ ಮ್ಯಾನೇಜ್‌ಮೆಂಟ್' ಎಂದಿದ್ದರೆ ರ‍್ಯಾಮ್ ಮೇಲೆ ಅನುಮಾನ. 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಎಂದಿದ್ದರೆ ಹೆಚ್ಚಾಗಿ ಹಾರ್ಡ್ ಡಿಸ್ಕ್ ಸೋಲುತ್ತಿದೆ ಎಂದರ್ಥ. ಆಗ ಬೇರೆ ಯಾವ ಪ್ರಯೋಗಕ್ಕೂ ಕೈ ಹಾಕದೆ, ಕಂಪ್ಯೂಟರ್ ತೆರೆದುಕೊಂಡ ಮೊದಲ ಅವಕಾಶದಲ್ಲೇ ಬೇಕಾದುದನ್ನೆಲ್ಲ ಪೆನ್ ಡ್ರೈವ್‌ಗೆ ನಕಲು ಮಾಡಿ. ಜೊತೆಗೆ, ಈ ಎರಡು ದಿನಗಳಲ್ಲಿ ಹೊಸದಾಗಿ ಏನು ಸೇರಿಸಿದಿರಿ ಎಂದು ನೆನಪಿಸಿಕೊಳ್ಳಿ. ಹೊಸ ಪ್ರಿಂಟರೋ, ಮಗ ಹಾಕಿಕೊಂಡ ಆಟವೋ ಇದ್ದರೆ ಮೊದಲು ಅದನ್ನು ತೆಗೆದು ನೋಡಿ.

ನಮ್ಮ ಕಡೆ ಇನ್ನೂ ಮೂರು ಶತ್ರುಗಳಿವೆ: ಬಿಸಿಲು, ಧೂಳು, ಕರೆಂಟು. ಶಕ್ತಿನಗರದಲ್ಲಿ ವಿದ್ಯುತ್ ತಯಾರಿಸುವ ಜಿಲ್ಲೆ ನಮ್ಮದಾದರೂ ಕರೆಂಟು ಹೋಗಿ ಬರುವ ಆಟ ಯಾರಿಗೆ ಗೊತ್ತಿಲ್ಲ? ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ವಿಂಡೋಸ್‌ನ ಕಡತಗಳು ಅರ್ಧದಲ್ಲೇ ಹಾಳಾಗುತ್ತವೆ. ಚಿಕ್ಕದೊಂದು ಯುಪಿಎಸ್ ಇದ್ದರೆ ಸರಿಯಾಗಿ ಮುಚ್ಚಲು ಹತ್ತು ನಿಮಿಷವಾದರೂ ಸಿಗುತ್ತದೆ. ಇನ್ನು ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರಮಾನ್ವಿಯ ರಸ್ತೆ ಬದಿಯ ಮನೆಯಲ್ಲಿ ಸಿಪಿಯು ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು, ಮೇಲೊಂದು ಕಸೂತಿ ಬಟ್ಟೆ ಹೊದ್ದು ಕುಳಿತಿದ್ದರೆ ಒಳಗಿನ ಫ್ಯಾನಿಗೆ ಉಸಿರು ಕಟ್ಟುತ್ತದೆ. ಆ ಬಟ್ಟೆ ಎಷ್ಟೇ ಚೆಂದವಿರಲಿ, ಕಂಪ್ಯೂಟರ್ ಓಡುವಾಗ ತೆಗೆದಿಡಿ.

ರ‍್ಯಾಮ್ ಶುಚಿ ಮಾಡುವುದು ಕಷ್ಟವಲ್ಲ. ಪ್ಲಗ್ ಪೂರ್ತಿ ಕಿತ್ತು, ಡಬ್ಬಿಯ ಲೋಹದ ಭಾಗವನ್ನೊಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಹರಿದುಹೋಗುತ್ತದೆ. ಎರಡೂ ಕಡೆಯ ಕೊಂಡಿ ಸರಿಸಿದರೆ ರ‍್ಯಾಮ್ ಪಟ್ಟಿ ಮೇಲೆ ಬರುತ್ತದೆ. ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎಂದು ಕೂರುವಂತೆ ಮರಳಿ ಒತ್ತಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಸೇಫ್ ಮೋಡ್‌ಗೆ ಹೋಗಲು ಶಿಫ್ಟ್ ಕೀ ಒತ್ತಿ ಹಿಡಿದು 'ರೀಸ್ಟಾರ್ಟ್' ಒತ್ತಿ. ನಂತರ 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್', ಮತ್ತೆ 'ರೀಸ್ಟಾರ್ಟ್', ಕೊನೆಗೆ 4. ಅಲ್ಲಿ ಕಂಪ್ಯೂಟರ್ ಸರಾಗ ಓಡಿದರೆ ತಪ್ಪು ಹೊಸ ತಂತ್ರಾಂಶದಲ್ಲಿರುವುದೇ ಹೆಚ್ಚು. ಅದನ್ನು ತೆಗೆದುಹಾಕಿ. ಕೆಲವು ಕಂಪ್ಯೂಟರ್‌ಗಳು ಈ ಹಂತದಲ್ಲಿ 48 ಅಂಕಿಗಳ 'ಬಿಟ್‌ಲಾಕರ್' ಕೀಲಿ ಕೇಳುತ್ತವೆ. ಅದನ್ನು ಇಂದೇ ಹುಡುಕಿ, ಡೈರಿಯಲ್ಲಿ ಬರೆದಿಡಿ. 2024ರಲ್ಲಿ ದೊಡ್ಡ ದೊಡ್ಡ ಕಚೇರಿಗಳೇ ಈ ಕೀಲಿ ಸಿಗದೆ ಪರದಾಡಿದವು.

ಕೆಲವೊಮ್ಮೆ ಬ್ರೌಸರ್‌ನಲ್ಲಿ ನಕಲಿ ನೀಲಿ ಪರದೆ ತುಂಬಿಕೊಂಡು, "ಈ ನಂಬರಿಗೆ ಕರೆ ಮಾಡಿ" ಎನ್ನುತ್ತದೆ. ನಿಜವಾದ ನೀಲಿ ಪರದೆ ಎಂದಿಗೂ ಫೋನ್ ನಂಬರ್ ಕೊಡುವುದಿಲ್ಲ. ಕರೆ ಮಾಡಿ ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ದೂರು ಕೊಡಿ.

ಇಷ್ಟಾದರೂ ಸರಿಹೋಗದಿದ್ದರೆ ಮಾನ್ವಿಗೋ ರಾಯಚೂರಿಗೋ ಒಯ್ಯಲೇಬೇಕು. ನನ್ನನ್ನು ಕಾಡುವುದು ಈ ಹಂತವೇ. ಅದರೊಳಗೆ ನಿಕಾಹ್‌ನ ಫೋಟೋಗಳಿವೆ, ಹೆಣ್ಣುಮಕ್ಕಳ ಚಿತ್ರಗಳಿವೆ, ಬ್ಯಾಂಕಿನ ಕಾಗದಗಳಿವೆ. ಅವೆಲ್ಲ ನಮ್ಮ ಬಳಿ ಇರುವ ಅಮಾನತ್. ಡಿಲೀಟ್ ಮಾಡಿ ಕೊಟ್ಟೆವಲ್ಲ ಎಂದು ನೆಮ್ಮದಿಯಿಂದಿರಬೇಡಿ. ಹಾರ್ಡ್ ಡಿಸ್ಕ್‌ನಿಂದ ಅಳಿಸಿದ ಚಿತ್ರಗಳನ್ನು ಮರಳಿ ತೆಗೆಯುವ ತಂತ್ರಾಂಶಗಳಿವೆ. ಕೆಟ್ಟಿರುವುದು ರ‍್ಯಾಮ್ ಅಥವಾ ಪವರ್ ಸಪ್ಲೈ ಎಂದಾದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿ ಮನೆಯಲ್ಲೇ ಇಟ್ಟುಕೊಂಡು ಉಳಿದುದನ್ನು ಕೊಡಬಹುದು. ಡಿಸ್ಕನ್ನೇ ಕೊಡಬೇಕಾಗಿ ಬಂದರೆ ಮನೆಯವರೊಬ್ಬರು ಅಂಗಡಿಯಲ್ಲೇ ಕುಳಿತು ಮಾಡಿಸಿಕೊಂಡು ಬರಲಿ. "ಫಾರ್ಮ್ಯಾಟ್ ಹೊಡದ್ರ ಸರಿ ಹೋಗ್ತದ್ರಿ ಆಪಾ" ಎಂದರೆ, ಫೋಟೋಗಳ ನಕಲು ಕೈಗೆ ಬರುವವರೆಗೆ ಒಪ್ಪಬೇಡಿ. ಬೈಕಿನ ಮೇಲೆ ಒಯ್ಯುವುದಾದರೆ ಸಿಪಿಯುವನ್ನು ರಜಾಯಿಯಲ್ಲಿ ಸುತ್ತಿ, ಹಿಂದೆ ಕೂತವರು ತೊಡೆಯ ಮೇಲೆ ಹಿಡಿದುಕೊಳ್ಳಲಿ. ರಸ್ತೆಯ ಕುಲುಕಾಟಕ್ಕೆ ಹಳೆಯ ಹಾರ್ಡ್ ಡಿಸ್ಕ್ ತಾಳುವುದಿಲ್ಲ.